ಕಂಡಕ್ಟರ್ ಸೊಂಟವೂ ಕೋಳಿಗೂಡೂ

ನಗು ಬೇಕು ಅಂತ ನಾವು ಹುಡುಕಿಕೊಂಡು ಹೋದರೆ ಅದು ಸಿಗುವುದಿಲ್ಲ. ಏನಾದರೂ ಒಂದು ಕೆಲಸವನ್ನು ನೆಟ್ಟಗೆ ಮಾಡಬೇಕು ಅಂತ ಹೊರಟರೆ ಸಾಕು, ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ನನ್ನ ಮನೆಗಂತೂ ಯಾರನ್ನೂ ದಾರಿ ಕೇಳದೆ ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾನು ಬಸ್ ಕಂಡಕ್ಟರ್. ಶ್ರೀರಂಗಪಟ್ಟಣ ಬಿಟ್ಟರೆ ಪಾಂಡವಪುರ, ಕೆ.ಆರ್. ಪೇಟೆ, ಕೊನೆಗೆ ನಾಗಮಂಗಲ. ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಮನೆ ಇದ್ದದ್ದು ಕ್ಯಾತನಹಳ್ಳಿ ಪಕ್ಕದ ಒಂದು ಊರಿನಲ್ಲಿ, ರಸ್ತೆಗೆ ಅಂಟಿಕೊಂಡ ಹಾಗೆ. ಆ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ತೋಡಿದ್ದ ಹಳ್ಳಗಳೆಲ್ಲ ವರ್ಷಗಟ್ಟಲೆ ಒಂದೊಂದಾಗಿ ನನ್ನ ಸೊಂಟದೊಳಗೆ ಬಂದು ಸೇರಿಕೊಂಡಿದ್ದವು.

ಮನೆಯಲ್ಲಿ ಕೋಳಿ ಇದ್ದವು. ನನ್ನ ಹೆಂಡತಿಯ ತಾಯಿ ಕೊನೆಯ ಸಲ ನಮ್ಮ ಮನೆಗೆ ಬಂದಾಗ ಕುಕ್ಕೆಯಲ್ಲಿ ಮೂರು ಹ್ಯಾಟೆ ಕೋಳಿ ತಂದು ಮಗಳ ಕೈಗೆ ಕೊಟ್ಟು ಹೋಗಿದ್ದರು. ಅವರು ತೀರಿಕೊಂಡರು, ಕೋಳಿ ಹೆಚ್ಚಿ ಮೂವತ್ತಾದವು. ಇವಳಿಗೆ ಆ ಕೋಳಿಗಳೆಂದರೆ ತವರುಮನೆ. ಆದರೆ ಗೂಡು ಬಳಿಯುವುದು, ಅಂದರೆ ಹಿಕ್ಕೆ ಕೆರೆದು ತೆಗೆಯುವುದು ಮಾತ್ರ ಅವಳ ಕೈಲಿ ಆಗುತ್ತಿರಲಿಲ್ಲ. ಉಬ್ಬಸ. ಹಿಕ್ಕೆಯ ಧೂಳು ಮೂಗಿಗೆ ಹೋದರೆ ಮೂರು ದಿನ ಹಾಸಿಗೆ ಹಿಡಿಯುತ್ತಿದ್ದಳು. ಹಾಗಾಗಿ ವಾರಕ್ಕೊಂದು ದಿನ ನನಗೆ ಸಿಗುತ್ತಿದ್ದ ರಜೆಯಲ್ಲಿ ಆ ಕೆಲಸ ನನ್ನದು. ನಾನು ಮಾಡಿದರೆ ಸೊಂಟ ಹೋಗುತ್ತದೆ, ಅವಳು ಮಾಡಿದರೆ ಉಸಿರು ಹೋಗುತ್ತದೆ.

ಒಂದು ದಿನ ಅವಳೇ ಅಂದಳು: “ನಿಮ್ ಕೈಲಿ ಆಗ್ದೆ ಇದ್ರೆ ಯೋಳ್ಬುಡಿ. ನಾಗಮಂಗ್ಲದಲ್ಲಿ ನನ್ ತಂಗಿ ಅವ್ಳೆ, ಕೊಟ್ಬುಡ್ತೀನಿ.”

ಅಂದವಳು ಗೂಡಿನ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತೇ ತೀರ್ಮಾನ ಮಾಡಿದೆ. ಕೋಳಿಯೂ ಉಳಿಯಬೇಕು, ಸೊಂಟವೂ ಉಳಿಯಬೇಕು. ಅಲ್ಲಿಂದ ಶುರುವಾಯಿತು.

೧. ಅರ್ಧ ಒಳಗೆ, ಅರ್ಧ ಹೊರಗೆ

ಆಗ ಇದ್ದದ್ದು ಕಲ್ಲುಮಣ್ಣಿನ ಹಳೇ ಗೂಡು. ಬಾಗಿಲು ಮೊಣಕಾಲೆತ್ತರ, ಒಬ್ಬ ಮನುಷ್ಯನ ಭುಜ ಕಷ್ಟದಲ್ಲಿ ತೂರುವಷ್ಟು ಅಗಲ. ಮಂಡಿ ಊರಿ, ತಲೆ ಭುಜ ಎಲ್ಲ ಒಳಗೆ ತೂರಿಸಿ, ಕೈಗುದ್ದಲಿಯಲ್ಲಿ ಕೆರೆದು ಕೆರೆದು ಎಳೆಯಬೇಕು.

ಒಂದು ರಜೆಯ ದಿನ ಬೆಳಿಗ್ಗೆ ಹಾಗೇ ತೂರಿದ್ದೇನೆ, ಸೊಂಟದಲ್ಲಿ ಚಳಕ್ ಅಂತು. ಅಷ್ಟೇ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೂಗಿದೆ. ಗೂಡಿನೊಳಗೆ ನಾಲ್ಕೈದು ಕೋಳಿ ಇನ್ನೂ ಇದ್ದವು, ನಾನು ಕೂಗಿದ ತಕ್ಷಣ ಅವೂ ಕೂಗಿದವು. ಹೊರಗಿದ್ದವರಿಗೆ ಯಾವುದು ನನ್ನದು, ಯಾವುದು ಅವುಗಳದ್ದು ಅಂತ ತಿಳಿಯಲಿಲ್ಲ.

ಪಕ್ಕದ ಮನೆ ಅತ್ತೆ ಮೊಟ್ಟೆ ಕೇಳಲು ಬಂದರು. ಅವರು ನನ್ನ ಸಂಬಂಧಿಕರೇನಲ್ಲ, ಊರಿನ ಲೆಕ್ಕದಲ್ಲಿ ಅತ್ತೆ. ನನ್ನ ಹಿಂಭಾಗದ ಎದುರು ನಿಂತು, “ಏನಪ್ಪಾ, ಎಲ್ಡು ಮೊಟ್ಟೆ ಇದ್ದಾವಾ?” ಅಂದರು. ನಾನು ಒಳಗಿಂದ, “ಸೊಂಟ ಇಡ್ಕಂಡದೆ ಕಣತ್ತೆ!” ಅಂದೆ. ಅವರಿಗೆ ಕೇಳಿಸಿದ್ದು ಕೊಕ್ಕೊಕ್ಕೋ ಮಾತ್ರ. ಅಡುಗೆಮನೆ ಬಾಗಿಲಿಗೆ ಹೋಗಿ ನನ್ನ ಹೆಂಡತಿಗೆ ದೂರು ಹೇಳಿದರು.

“ಅದ್ಯಾಕವ್ವ ನಿನ್ ಗಂಡ ಇಂಗಾಡ್ತಾನೆ? ಮಾತಾಡ್ಸುದ್ರೆ ಮಕಾನೂ ತೋರ್ಸಲ್ಲ.”

ಹೆಂಡತಿ ಅಲ್ಲಿಂದಲೇ ಕೂಗಿದಳು: “ಏನ್ರೀ, ಆಗ್ಲಿಂದ ಗೂಡೊಳಕ್ಕೆ ತಲೆ ಇಕ್ಕೊಂಡು ಏನ್ಮಾಡ್ತಾ ಇದ್ದೀರಿ? ಮೊಟ್ಟೆ ಇಕ್ತಾ ಇದ್ದೀರಾ?”

ಇನ್ನು ಸುಮ್ಮನಿದ್ದರೆ ಉಳಿಗಾಲವಿಲ್ಲ ಅಂತ ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ, “ಅಯ್ಯಯ್ಯಯ್ಯೋ!” ಅಂತ ಅರಚಿದೆ.

ಒಗ್ಗರಣೆ ಸದ್ದಿನ ನಡುವೆ ಅವಳ ದನಿ ತಣ್ಣಗೆ ಬಂತು: “ಇಕ್ಬುಟ್ರಾ?”

೨. ಹರಕೆ

ಶ್ರೀರಂಗಪಟ್ಟಣದ ಡಾಕ್ಟರು ಮಿತಭಾಷಿ. ನನ್ನ ಬೆನ್ನನ್ನು ಅಲ್ಲಲ್ಲಿ ಒತ್ತಿ ನೋಡಿ, “ಬಗ್ಗಬೇಡಿ” ಅಂದರು.

“ಎಷ್ಟು ದಿನ ಸಾರ್?”

“ಇನ್ನು ಮೇಲೆ.”

ಇಷ್ಟು ಹೇಳಿ, ಹಚ್ಚಿಕೊಳ್ಳಲು ಒಂದು ಎಣ್ಣೆಯನ್ನು ಬಾಟಲಿಗೆ ಬಗ್ಗಿಸಿ ಕೊಟ್ಟರು. ಔಷಧಿ ಬಗ್ಗಬಹುದು, ನಾನು ಬಗ್ಗುವ ಹಾಗಿಲ್ಲ. ತಲೆ ಕೆರೆದುಕೊಳ್ಳುತ್ತಾ ಹೊರಗೆ ಬಂದರೆ ನನ್ನ ಹೆಂಡತಿ ದೂರದಲ್ಲಿ ಕಾಣುವ ಕರಿಘಟ್ಟದ ಕಡೆ ತಿರುಗಿ, ಕಣ್ಣುಮುಚ್ಚಿ ಕೈ ಮುಗಿದು ನಿಂತಿದ್ದಾಳೆ.

“ಏನಮ್ಮಿ ಅದು?” ಅಂದೆ.

“ನಿಮ್ ಸೊಂಟ ಪೂರ್ತಿ ವಾಸಿ ಆಗ್ಲಿ ಅಂತ ಸ್ವಾಮಿಗೆ ಅರ್ಕೆ ಮಾಡ್ಕೊಂಡೆ.”

ಮನಸ್ಸಿಗೆ ಹಿತವಾಯಿತು. “ಏನಂತ ಮಾಡ್ಕೊಂಡೆ?”

“ವಾಸಿ ಆದ್ರೆ ಕೆಳಗಿಂದ ಮೇಲಿನ್ ಗಂಟ ಬೆಟ್ಟದ ಒಂದೊಂದು ಮೆಟ್ಲಿಗೂ ನಿಮ್ ಕೈಲೇ ಅರಿಸ್ನ ಕುಂಕ್ಮ ಇಕ್ಕುಸ್ತೀನಿ ಅಂತ.”

ನಾನು ಅಲ್ಲಿಂದಲೇ ಹಿಂದಿರುಗಿ ಡಾಕ್ಟರ ಬಾಗಿಲು ತಟ್ಟಿದೆ. “ಸಾರ್, ಪೂರ್ತಿ ವಾಸಿ ಆಗದ ಹಾಗೆ ಏನಾದರೂ ಔಷಧಿ ಇದೆಯಾ?”

೩. ಎರಡು ಬಾಟಲಿ

ಅದೇ ದಿನ ನಮ್ಮ ಡ್ರೈವರಣ್ಣ ಇನ್ನೊಂದು ಬಾಟಲಿ ತಂದುಕೊಟ್ಟ. ಅವನಿಗೂ ನನಗೂ ಹತ್ತು ವರ್ಷದ ಜೊತೆ. ನನ್ನ ಕಷ್ಟಕ್ಕೆಲ್ಲ ಅವನ ಹತ್ತಿರ ಒಂದು ಉಪಾಯ ಇರುತ್ತಿತ್ತು. ಗೂಡಿನಲ್ಲಿ ಕೋಳಿಹೇನು ಆಗಿತ್ತು. ಗೂಡಿನೊಳಗೆ ಅಡ್ಡ ಕಟ್ಟಿದ ಬಿದಿರಿನ ಗಳಕ್ಕೆ ಬಳಿದರೆ ಹೇನು ಸಾಯುತ್ತವೆ, ಪದೇಪದೇ ತೊಳೆಯುವ ಕೆಲಸ ತಪ್ಪುತ್ತದೆ ಅಂತ ದನದ ಆಸ್ಪತ್ರೆಯವರು ಕೊಟ್ಟಿದ್ದ ಎಣ್ಣೆ ಅದು.

ಎರಡೂ ಹಳೇ ಬಾಟಲಿ. ಎರಡಕ್ಕೂ ಚೀಟಿ ಇಲ್ಲ. ಎರಡೂ ಎಣ್ಣೆ ಹಸಿರು.

ಸಾಯಂಕಾಲ ಜಗುಲಿಯ ಮೇಲೆ ಬೋರಲು ಮಲಗಿದೆ. ಹೆಂಡತಿ ಒಂದು ಬಾಟಲಿಯದ್ದನ್ನು ನನ್ನ ಸೊಂಟಕ್ಕೆ ತಿಕ್ಕಿದಳು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಂದನ್ನು ಕೋಲಿನ ತುದಿಯ ತೆಂಗಿನ ನಾರಿನಲ್ಲಿ ಗೂಡಿನ ಗಳಗಳಿಗೆ ಬಳಿದಳು. ನನಗೆ ಬೇವು, ಸೀಮೆಎಣ್ಣೆ ವಾಸನೆ ಬಂತು. ನಾಟಿ ಔಷಧಿ ಇರಬೇಕು, ಚೆನ್ನಾಗಿ ಕೆಲಸ ಮಾಡುತ್ತದೆ ಅಂದುಕೊಂಡೆ.

ಹೊತ್ತು ಮುಳುಗುವ ಹೊತ್ತಿಗೆ ಹೆಂಡತಿ ಗಾಬರಿಯಾಗಿ ಬಂದಳು. “ಏನ್ರೀ, ಬನ್ರೀ ಇಲ್ಲಿ. ಕೋಳಿ ಕುಣೀತಾವೆ!”

ನಿಜ. ಗಳ ಹತ್ತಿದ ಕೋಳಿ ಒಂದು ಕಾಲು ಎತ್ತುತ್ತಿತ್ತು, ಆಮೇಲೆ ಇನ್ನೊಂದು. ಮತ್ತೆ ಮೊದಲನೆಯದು. ಎಲ್ಲವೂ ಸಾಲಾಗಿ ಒಂದೇ ತಾಳಕ್ಕೆ. ಕಾಲು ಬಿಸಿಯೇರುತ್ತಿತ್ತು ಪಾಪ. ಬಗ್ಗಿ ಗಳ ಮೂಸಿ ನೋಡಿದರೆ ಡಾಕ್ಟರ ಅಂಗಡಿಯ ವಾಸನೆ.

ಮರುವಾರ ಡಾಕ್ಟರು ಕೇಳಿದರು: “ಹೇಗಿದೆ ಈಗ?”

“ನೋವು ಹಂಗೇ ಇದೆ ಸಾರ್,” ಅಂದೆ. “ಆದರೆ ಸೊಂಟದ ಮೇಲೆ ಒಂದೇ ಒಂದು ಹೇನಿಲ್ಲ.”

೪. ಹುಣಸೇಮರದ ಗಂಟ

“ಲೇ, ಬಗ್ಗಬ್ಯಾಡ ಅಂದ್ರೆ ಬಗ್ಗಬ್ಯಾಡ ಕಣ್ಲಾ,” ಅಂದ ಡ್ರೈವರಣ್ಣ. “ಒಂದು ತಗಡಿನ ಅಲಗಿಗೆ ಉದ್ದುಕೆ ಹಿಡಿ ಆಕ್ಸು. ನಿಂತ್ಕಂಡೇ ಕೆರ್ದು ಎಳ್ಕೊ.”

ಒಳ್ಳೇ ಮಾತು. ಪಾಂಡವಪುರದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಒಬ್ಬ ಕಬ್ಬಿಣದ ಕೆಲಸದ ಆಚಾರಿ ಇದ್ದ. ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಕೂಗಿ ಹೇಳಿದೆ: ಇಂಥಾ ಅಲಗು, ಇಂಥಾ ಹಿಡಿ, ಕೋಳಿಗೂಡು ಬಳಿಯೋಕೆ. ಆಚಾರಿ ತಲೆ ಆಡಿಸಿದ. ಅಷ್ಟರಲ್ಲಿ ಬಸ್ಸು ಹೊರಟಿತು. ಅವನು ಸುತ್ತಿಗೆ ಎತ್ತಿಕೊಂಡೇ ಏನೋ ಕೂಗಿ ಕೇಳಿದ. ನನಗೆ ಕೇಳಿಸಿದ್ದು, “ಎಲ್ಲಿಗ್ ತರ್ಬೇಕಣ್ಣಾ?” ಅಂತ. ವಾಪಸ್ಸು ಬರುವಾಗ ನಮ್ಮ ಬಸ್ಸು ಅವನ ಅಂಗಡಿ ಎದುರಿಗಲ್ಲ, ಸ್ವಲ್ಪ ಮುಂದಿನ ಹುಣಸೇಮರದ ಕೆಳಗೆ ನಿಲ್ಲುತ್ತಿತ್ತು. ಅದಕ್ಕೆ ಕೈ ಚಾಚಿ ಮರ ತೋರಿಸಿ, “ಆ ಹುಣ್ಸೇಮರದ ಗಂಟ!” ಅಂತ ಕೂಗಿದೆ.

ಅವನು ಒಂದು ಸಲ ಮರ ನೋಡಿದ, ಒಂದು ಸಲ ಅಂಗಡಿ ಬಾಗಿಲು ನೋಡಿದ, ಒಂದು ಸಲ ನನ್ನನ್ನು ನೋಡಿದ. ಯಾಕೆ ಹಾಗೆ ನೋಡಿದ ಅಂತ ಆಗ ಹೊಳೆಯಲಿಲ್ಲ. ಅವನು ಕೇಳಿದ್ದು, “ಎಲ್ಲಿಗಂಟ ಬೇಕಣ್ಣಾ ಹಿಡಿ?” ಅಂತ.

ಮೂರು ದಿನ ಬಿಟ್ಟು ಹೋದರೆ, ಆಚಾರಿ ಹುಣಸೇಮರದ ಕೆಳಗೆ ಬಿದಿರಿನ ಒಂದು ತುದಿ ಹಿಡಿದು ನಿಂತಿದ್ದಾನೆ. ಇನ್ನೊಂದು ತುದಿ ಅವನ ಅಂಗಡಿ ಬಾಗಿಲಲ್ಲಿದೆ.

“ಒಂದು ಗಳ ಸಾಕಾಗ್ನಿಲ್ಲ ಕಣಣ್ಣ,” ಅಂದ ಬೆವರೊರೆಸಿಕೊಂಡು. “ಎಲ್ಡು ಸೇರ್ಸಿ ತಂತಿ ಬಿಗ್ದಿವ್ನಿ. ನಿಮ್ ಕೋಳಿ ಅದೆಂಥಾ ಅರಮನೇಲಿ ಅವೆ ಅಂತ ಒಂದ್ಸಲ ಬಂದು ನೋಡ್ಬೇಕು.”

ಬಸ್ಸಿನ ಮೇಲೆ ಹಾಕಿ ಹೇಗೋ ಮನೆಗೆ ತಂದೆ. ನಮ್ಮ ಹಿತ್ತಲು ಅಂಗೈ ಅಗಲ. ಅಲಗು ಗೂಡಿನೊಳಗಿದ್ದರೆ ಹಿಡಿಯ ತುದಿ ಗೋಡೆ ದಾಟಿ ಪಕ್ಕದ ಮನೆ ಅಂಗಳದಲ್ಲಿ. ಕತ್ತರಿಸುವ ಮುಂಚೆ ಒಂದು ಸಲ ನೋಡೇಬಿಡೋಣ ಅಂತ ಅತ್ತೆಯ ಅಂಗಳಕ್ಕೆ ಹೋಗಿ ನಿಂತೆ. ನನಗೆ ಗೂಡು ಕಾಣುವುದಿಲ್ಲ. ಗೋಡೆಯ ಆ ಕಡೆಯಿಂದ ಹೆಂಡತಿ, “ಒಸಿ ಎಡಕ್ಕೆ, ಇನ್ನೊಸಿ, ಅಯ್ಯೋ ಅದು ಕೋಳಿ, ಬುಡಿ ಬುಡಿ!” ಅಂತ ದಾರಿ ಹೇಳುತ್ತಿದ್ದಳು.

ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನಿಜವಾದ ಸಂಶಯದಿಂದಲೇ ಕೇಳಿದರು:

“ಅಲ್ಲ ಕಣಪ್ಪಾ, ನಿನ್ ಗೂಡು ಬಳಿಯಕ್ಕೆ ನೀನು ನಮ್ಮನೇಗೆ ಬಂದಿದ್ದೀಯ. ನನ್ ಕೊಟ್ಟಿಗೆ ಬಳಿಯಕ್ಕೆ ನಾನು ಯಾರ್ ಮನೇಗೆ ಓಗ್ಲಿ?”

೫. ಗೂಡು ಎತ್ತಿದ್ದು

ಹಿಡಿಯನ್ನು ಆಳುದ್ದಕ್ಕೆ ಕತ್ತರಿಸಿದೆ. ಆದರೂ ಉಪಯೋಗವಾಗಲಿಲ್ಲ. ಬಾಗಿಲು ಮೊಣಕಾಲೆತ್ತರ ಇರುವಾಗ ನಿಂತು ಎಳೆದರೆ ಹಿಡಿ ಮೇಲಿನ ಕಲ್ಲಿಗೆ ತಗುಲುತ್ತಿತ್ತು. ಅಲಗು ನೆಲ ಮುಟ್ಟಬೇಕಾದರೆ ನಾನು ಬಗ್ಗಬೇಕು. ಇಷ್ಟೆಲ್ಲ ಮಾಡಿ ಮತ್ತೆ ಅಲ್ಲಿಗೇ ಬಂದೆ.

ಬಸ್ಸಿನಲ್ಲಿ ನನ್ನ ಕಥೆ ಎಲ್ಲರಿಗೂ ಗೊತ್ತಾಗಿತ್ತು. ಸೀಟಿಗೊಂದು ಸಲಹೆ. ಮರಳು ಹಾಸು ಅಂತ ಒಬ್ಬರು, ಭತ್ತದ ಹೊಟ್ಟು ಹಾಸು ಅಂತ ಇನ್ನೊಬ್ಬರು, ಗೋಣಿಚೀಲ ಹಾಸಿ ಚೀಲವನ್ನೇ ಎಳೆದುಕೋ ಅಂತ ಮತ್ತೊಬ್ಬರು. ಕೋಳಿ ಬಿಟ್ಟು ಮೇಕೆ ಸಾಕು ಅಂತ ಒಬ್ಬರು. ಯಾರ ಮಾತು ಕೇಳಬೇಕೋ ತಿಳಿಯದೆ ಒಂದು ದಿನ ಟಿಕೆಟ್ ಹರಿಯುತ್ತಾ, “ಹೊಟ್ಟು ಯಾರಿಗೆ, ಮರಳು ಯಾರಿಗೆ?” ಅಂತ ಕೇಳಿಬಿಟ್ಟಿದ್ದೆ.

ಕೆ.ಆರ್. ಪೇಟೆಯಲ್ಲಿ ಹತ್ತಿದ ಮಾಕವಳ್ಳಿ ಕಡೆಯ ಒಬ್ಬ ಅಜ್ಜಿ ಇದನ್ನೆಲ್ಲ ಸುಮ್ಮನೆ ಕೇಳುತ್ತಿದ್ದಳು. ಎಲೆಅಡಿಕೆ ಪಕ್ಕಕ್ಕೆ ಒತ್ತರಿಸಿ ಹೇಳಿದಳು: “ಗೂಡಿನ್ ತಾವ್ಕೆ ನೀನ್ಯಾಕ್ಲಾ ಬಗ್ತೀಯ ಮಗ? ಗೂಡ್ನೇ ನಿನ್ ಎತ್ರಕ್ಕೆ ಎತ್ಕೊ.”

ಇಡೀ ಬಸ್ಸು ತಲೆದೂಗಿತು. ಬಡಗಿಯನ್ನು ಕರೆಸಿ ಮರದ ಹೊಸ ಗೂಡು ಮಾಡಿಸಿದೆ. ನಾಲ್ಕು ಕಂಬದ ಮೇಲೆ, ಸರಿಯಾಗಿ ನನ್ನ ಸೊಂಟದೆತ್ತರ. ನೆಲಕ್ಕೆ ಸಂದು ಬಿಟ್ಟು ಜೋಡಿಸಿದ ಪಟ್ಟಿಗಳು; ಹಿಕ್ಕೆ ತಾನಾಗಿ ಕೆಳಕ್ಕೆ ಬೀಳುತ್ತದೆ. ನೋಡಿದವರೆಲ್ಲ ಭೇಷ್ ಅಂದರು.

ಸಾಯಂಕಾಲವಾಯಿತು. ಮೂವತ್ತು ಕೋಳಿ ಬಂದು ಗೂಡಿನ ಕೆಳಗೆ ನಿಂತು ಮೇಲೆ ನೋಡಿದವು. ನಾನು ಅವುಗಳನ್ನು ನೋಡಿದೆ. ಅವು ನನ್ನನ್ನು ನೋಡಿದವು. ಒಂದೂ ಹತ್ತಲಿಲ್ಲ.

ಹೊರಗೆ ಬಿಟ್ಟರೆ ನಾಯಿ ಕಾಟ. ಒಂದೊಂದನ್ನೇ ಅಟ್ಟಿಸಿ, ಬಗ್ಗಿ ಹಿಡಿದು, ಎದ್ದು ಗೂಡಿಗೆ ಹಾಕಿದೆ. ಮತ್ತೆ ಬಗ್ಗಿದೆ, ಎದ್ದೆ. ಹೆಂಡತಿ ಪಕ್ಕದಲ್ಲಿ ಎಣಿಸುತ್ತಿದ್ದಳು. ಮೊದಲು ವಾರಕ್ಕೊಂದು ದಿನ ಬಗ್ಗುತ್ತಿದ್ದವನು ಈಗ ದಿನಾ ಮೂವತ್ತು ಸಲ ಬಗ್ಗತೊಡಗಿದೆ.

ವಾರದ ಮೇಲೆ ಅಜ್ಜಿ ಮತ್ತೆ ಬಸ್ಸು ಹತ್ತಿದಳು. ನಾನು ಸೊಂಟ ಹಿಡಿದುಕೊಂಡೇ ಹೋಗಿ, “ಏನಜ್ಜೀ, ಗೂಡು ಎತ್ತು ಅಂದೆ. ಕೋಳಿ ಮೇಲಕ್ಕೆ ಹತ್ತೋದೇ ಇಲ್ವಲ್ಲ!” ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಏಣಿ ಇಕ್ಕಿದ್ದೀಯಾ?”

“ಇಲ್ಲ.”

“ಈ ಬಸ್ಸಿಗೆ ಮೆಟ್ಲು ಯಾಕ್ಲಾ ಇಕ್ಕವ್ರೆ? ದಿನಾ ನಮ್ಮನ್ನ ಎತ್ತಿ ಒಳಕ್ಕೆ ಆಕ್ತೀಯಾ?”

೬. ಹಗಲು ಮಲಗುವ ರೋಗ

ಏಣಿ ಇಟ್ಟೆ. ಕೋಳಿಗಳು ಅದರ ಕೆಳಗೆ ತೂರಿ ಆ ಕಡೆ ಹೋದವು.

ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಏಣಿಯ ಪಕ್ಕ ನಿಂತು ಕಂಡಕ್ಟರ್ ವಿಶಲ್ ಊದಿ, “ಹತ್ತಿ, ಹತ್ತಿ, ಒಳಗೆ ನಡೀರಿ, ಮುಂದೆ ಖಾಲಿ ಇದೆ!” ಅಂತ ಕೂಗುತ್ತಾ ಗೂಡಿನೊಳಗೆ ನುಚ್ಚಕ್ಕಿ ಎರಚಿದೆ. ಮೊದಲ ದಿನ ಎರಡು ಹತ್ತಿದವು. ಮರುದಿನ ಏಳು. ಹದಿನೈದು ದಿನದಲ್ಲಿ ವಿಶಲ್ ಊದಿದರೆ ಸಾಕು, ಮೂವತ್ತೂ ಸಾಲಾಗಿ ಏಣಿ ಹತ್ತಿ ಒಳಗೆ. ನಾನು ಬಗ್ಗುವ ಮಾತೇ ಇಲ್ಲ. ನನ್ನ ಜೀವಮಾನದ ದೊಡ್ಡ ಸಾಧನೆ ಅಂದುಕೊಂಡೆ.

ಅಷ್ಟರಲ್ಲಿ ಹೆಂಡತಿ ಹೊಸ ಕಥೆ ತಂದಳು. “ಕೋಳಿಗೆ ಏನೋ ರೋಗ ಬಂದದೆ ಕಣ್ರೀ. ಚೆನ್ನಾಗಿ ಮೇಯ್ತಿರ್ತಾವೆ, ಇದ್ದಕ್ಕಿದ್ದಂಗೆ ಎಲ್ಲಾ ಓಗಿ ಗೂಡೊಳಗೆ ಮಲಿಕ್ಕೊತಾವೆ. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ. ಗೂಡು ಎಲ್ಡರಷ್ಟು ಗಲೀಜು.”

ನನಗೂ ಏನೂ ಅರ್ಥವಾಗಲಿಲ್ಲ. ರಜೆಯ ದಿನ ನಾನು ಮನೆಯಲ್ಲಿದ್ದು ನೋಡಿದರೆ ಕೋಳಿ ಮಲಗುವುದೇ ಇಲ್ಲ. “ನೀವಿದ್ರೆ ಮಾತ್ರ ಎಚ್ರವಾಗಿರ್ತಾವೆ,” ಅಂದಳು, ನಾನೇ ಏನೋ ಮಾಡಿದ ಹಾಗೆ. ಕೊನೆಗೆ ಪಾಂಡವಪುರದಿಂದ ದನದ ಡಾಕ್ಟರನ್ನು ಕರೆಸಿದಳು.

ಅವತ್ತು ನಾನು ಡ್ಯೂಟಿಯಲ್ಲಿದ್ದೆ. ಡಾಕ್ಟರು ಕೋಳಿಗಳ ಕಣ್ಣು, ಕೊಕ್ಕು, ರೆಕ್ಕೆ ಎಲ್ಲ ನೋಡಿದರಂತೆ. ಏನೂ ಇಲ್ಲ. “ಎಲ್ಲಮ್ಮಾ ರೋಗ?” ಅಂತ ಕೇಳುವುದಕ್ಕೂ, ನಮ್ಮ ಬಸ್ಸು ಊರ ಸ್ಟಾಪಿನಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಸ್ಟಾಪು ನಮ್ಮ ಮನೆಯಿಂದ ಒಂದು ಕೂಗಳತೆ ದೂರ. ಜನ ಹತ್ತಿದ ಮೇಲೆ ನಾನು ವಿಶಲ್ ಊದಿದೆ. ಡಾಕ್ಟರ ಕೈಯಲ್ಲಿದ್ದ ಕೋಳಿ ಕೊಸರಿಕೊಂಡು ಹಾರಿತು. ಮೂವತ್ತೂ ಏಣಿ ಹತ್ತಿ, ಒಳಗೆ ನಡೆದು, ಮುಂದೆ ಖಾಲಿ ಇದ್ದಲ್ಲಿಗೆ ಹೋಗಿ ಕೂತವು.

ಡಾಕ್ಟರು ಗೂಡು ನೋಡಿದರು, ರಸ್ತೆ ನೋಡಿದರು. ಹೆಂಡತಿಯನ್ನು ವಿಚಾರಿಸಿ ವಿಶಲ್, ನುಚ್ಚಕ್ಕಿಯ ಕಥೆ ತಿಳಿದುಕೊಂಡರು. ನಾವು ನಾಗಮಂಗಲಕ್ಕೆ ಹೋಗಿ ವಾಪಸ್ಸು ಬರುವಾಗ ಅದೇ ಬಸ್ಸಿಗೆ ಹತ್ತಿದರು. ಅವತ್ತು ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಬಾಗಿಲಲ್ಲೇ ನೇತಾಡುತ್ತಿದ್ದರು. ನಾನು ಗಂಟಲು ಹರಿಯುವ ಹಾಗೆ “ಒಳಗೆ ನಡೀರಿ” ಅಂತ ಕೂಗುತ್ತಿದ್ದೆ, ಯಾರೂ ಅಲ್ಲಾಡುತ್ತಿರಲಿಲ್ಲ.

ಯಾರದ್ದೋ ಕಂಕುಳ ಕೆಳಗಿಂದ ಡಾಕ್ಟರ ಮುಖ ಕಾಣಿಸಿತು. “ನಿಮ್ಮ ಕೋಳಿಗೆ ರೋಗ ಇಲ್ಲ ಕಂಡಕ್ಟರ್ರೇ,” ಅಂದರು. “ಅಷ್ಟು ಚೆನ್ನಾಗಿ ಅವಕ್ಕೆ ಕಲಿಸಿದ್ದೀರಿ. ಇವರಿಗೂ ಒಸಿ ನುಚ್ಚಕ್ಕಿ ಹಾಕಿ ನೋಡಬಾರದೇ?”

೭. ಧರ್ಮಸ್ಥಳದ ಬಸ್ಸು

ಅವತ್ತಿನಿಂದ ನಮ್ಮೂರ ಸ್ಟಾಪಿನಲ್ಲಿ ಮಾತ್ರ, ನನ್ನ ರಜೆಯ ದಿನ ಬರುವ ಬದಲಿ ಕಂಡಕ್ಟರ್ ಹಾಗೆ, ವಿಶಲ್ ಊದದೆ ಬಸ್ಸಿನ ತಗಡು ಬಡಿಯುತ್ತಿದ್ದೆ. ಉಳಿದದ್ದು ಒಂದೇ ತೊಂದರೆ. ಹಿಕ್ಕೆ ಪಟ್ಟಿಯ ಸಂದಿನಿಂದ ಗೂಡಿನ ಕೆಳಗೆ ನೆಲಕ್ಕೆ ಬೀಳುತ್ತಿತ್ತು, ಅದನ್ನು ಗುಡಿಸಲು ಬಗ್ಗಬೇಕು.

ಇದಕ್ಕೂ ಡ್ರೈವರಣ್ಣನೇ ಉಪಾಯ ಹೇಳಿದ. “ಮೇಜಿಗೆ ಡ್ರಾಯರ್ ಇರಕಿಲ್ವೇನ್ಲಾ? ಅಂಗೆ ಪಟ್ಟಿ ಕೆಳಗೆ ತಗಡು ತೂರ್ಸು. ನಿಂತಂಗೇ ಎಳಿ, ಕೊಡವು, ತೊಳಿ, ತಿರ್ಗಾ ತೂರ್ಸು.”

ಗುಜರಿ ಅಂಗಡಿಯಲ್ಲಿ ಹುಡುಕಿದಾಗ ಸರಿಯಾದ ಅಳತೆಗೆ ಸಿಕ್ಕಿದ್ದು ಬಸ್ಸಿನ ಹಳೇ ಬೋರ್ಡುಗಳು. ಮೂರು ತಂದೆ. ಒಂದರ ಮೇಲೆ ಮೈಸೂರು, ಒಂದರ ಮೇಲೆ ತಿಪಟೂರು, ಇನ್ನೊಂದರ ಮೇಲೆ ಧರ್ಮಸ್ಥಳ ಅಂತಿತ್ತು. ಧರ್ಮಸ್ಥಳದ ಮೇಲೆ ಹಿಕ್ಕೆ ಬೀಳುವುದು ಬೇಡ ಅಂತ ಹೆಂಡತಿ ಬರಹದ ಮಗ್ಗುಲನ್ನು ಕೆಳಗೆ ಮಾಡಿಸಿದಳು. ತೂರಿಸಿ ನೋಡಿದರೆ ಅಚ್ಚುಕಟ್ಟು. ನೆಟ್ಟಗೆ ನಿಂತು ಎಳೆದೆ, ನೆಟ್ಟಗೆ ನಿಂತು ಗೊಬ್ಬರದ ಮಂಕರಿಗೆ ಸುರಿದೆ. ಒಂದು ತಿಂಗಳಲ್ಲಿ ಸೊಂಟ ಹಗುರವಾಯಿತು. ಕೋಳಿಗಳನ್ನು ನಾಗಮಂಗಲಕ್ಕೆ ಕೊಡುವ ಮಾತು ಮತ್ತೆ ಬರಲಿಲ್ಲ.

ಆಮೇಲೆ ನಡೆದದ್ದನ್ನು ನಾಲ್ಕು ಜನ ನನಗೆ ನಾಲ್ಕು ಥರ ಹೇಳಿದರು. ಎಲ್ಲ ಸೇರಿಸಿದರೆ ಹೀಗೆ.

ಒಂದು ದಿನ ಹೆಂಡತಿ ಆ ಬೋರ್ಡುಗಳನ್ನು ತೊಳೆದು, ಒಣಗಲಿ ಅಂತ ಮನೆ ಮುಂದಿನ ಗೋಡೆಗೆ ಒರಗಿಸಿದ್ದಳು. ಬರಹ ರಸ್ತೆ ಕಡೆಗೆ. ಬಸ್ಸಿಗೆ ಅಂತ ಬಂದ ಒಬ್ಬ ಮುದುಕ, ಅವನ ಹೆಂಡತಿ ಅದನ್ನು ನೋಡಿದರು. ಧರ್ಮಸ್ಥಳಕ್ಕೇ ಹೊರಟವರು ಅವರು. ಎರಡು ಮೂರು ಬಸ್ಸು ಬದಲಾಯಿಸಬೇಕಲ್ಲ ಅಂತ ಕಳವಳದಲ್ಲಿದ್ದವರಿಗೆ ಬಾಗಿಲಿಗೇ ಧರ್ಮಸ್ಥಳದ ಬಸ್ಸು ಬರುತ್ತದೆ ಅಂದರೆ ಕೇಳಬೇಕೆ? ನಮ್ಮ ಜಗುಲಿಯ ಮೇಲೆ ಕೂತರು. ಅವರು ಕೂತದ್ದನ್ನು ನೋಡಿ ಸ್ಟಾಪು ಇಲ್ಲಿಗೆ ಬಂದಿದೆ ಅಂತ ಇನ್ನು ನಾಲ್ವರು ಕೂತರು. ಹೀಗೇ ಹದಿನೈದು ಜನ ಸೇರಿದರು. ಅವತ್ತು ಕೆ.ಆರ್. ಪೇಟೆ ಹತ್ತಿರ ನಮ್ಮ ಬಸ್ಸಿನ ಟೈರು ಪಂಚರ್ ಆಗಿ ತಡವಾಗಿತ್ತು. ಬಿಸಿಲಿಗೆ ಗಂಡಸರೆಲ್ಲ ತಲೆ ಮೇಲೆ ಟವೆಲ್ ಹಾಕಿಕೊಂಡು ಮಾತಿಲ್ಲದೆ ಕೂತಿದ್ದರು.

ಹೆಂಡತಿ ಅಡುಗೆ ಮುಗಿಸಿ ಹೊರಗೆ ಬಂದು ನೋಡುತ್ತಾಳೆ. ಮನೆ ಮುಂದೆ ಜನ. ತಲೆ ಮೇಲೆ ಟವೆಲ್. ಒಬ್ಬರ ಮುಖದಲ್ಲೂ ನಗುವಿಲ್ಲ. ಬೆಳಿಗ್ಗೆ ನಾನು ಎದೆ ಹಿಡಿದಂಗೆ ಆಗ್ತದೆ, ವಾಯು ಇರಬೇಕು ಅಂತ ಬೇರೆ ಹೇಳಿ ಹೊರಟಿದ್ದೆ.

“ಯಾಕಣ್ಣಾ, ಎಲ್ಲಾ ಇಂಗೆ ಬಂದು ಕುಂತಿದ್ದೀರಿ?” ಅಂದಳು.

“ಪ್ಯಾಟೆ ತಾವ ಏನೋ ಆಗೋಗದಂತೆ ಕಣವ್ವ,” ಅಂದ ಒಬ್ಬ. “ಮೋಟ್ರುಸೈಕಲ್ನೋನು ಯೋಳ್ಬುಟ್ಟೋದ.”

ಇವಳು ಬಾಗಿಲ ಕಂಬ ಹಿಡಿದುಕೊಂಡಳು. ಹಿಂದಿನಿಂದ ಇನ್ನೊಬ್ಬ ಕೇಳಿದ: “ಎಷ್ಟೊತ್ಗೆ ಬತ್ತದಂತೆ?”

ಅದೇ ಮಾತಿಗೆ ಅವಳು ಕುಸಿದದ್ದು. ನಮ್ಮ ಕಡೆ ಗಂಡ ಜೀವಂತ ಇದ್ದರೆ ‘ಬತ್ತಾರೆ’ ಅನ್ನುತ್ತಾರೆ. ‘ಬತ್ತದೆ’ ಅನ್ನುವುದು ಒಂದು ಬಸ್ಸಿಗೆ, ಇಲ್ಲ ಹೆಣಕ್ಕೆ.

ಅವಳು ಎದೆ ಬಡಿದುಕೊಂಡದ್ದು ಕೇಳಿ ಪಕ್ಕದ ಮನೆ ಅತ್ತೆ ಓಡಿಬಂದರು. ವಿಷಯ ಏನು ಅಂತ ಕೇಳದೆ ಇವಳನ್ನು ತಬ್ಬಿಕೊಂಡು, “ಅಯ್ಯೋ ನನ್ನಪ್ಪಾ, ಮೊನ್ನೆ ತಾನೇ ಕರೆದು ಮಾತಾಡ್ಸಿದ್ಯಲ್ಲೋ” ಅಂತ ಸೊಲ್ಲೆತ್ತಿ ಅಳತೊಡಗಿದರು. ಬಸ್ಸಿಗೆ ಕೂತಿದ್ದವರಿಗೆ ತಾವು ಸಾವಿನ ಮನೆ ಮುಂದೆ ಕೂತಿದ್ದೇವೆ ಅಂತ ಆಗ ಗೊತ್ತಾಯಿತು. ಗಂಡಸರು ಎದ್ದು ನಿಂತರು. ಹೆಂಗಸರಿಗೆ ಅಳು ಬಂತು. ಯಾರು ಅಂತ ಗುಸುಗುಸು ವಿಚಾರಿಸಿದರೆ, “ಕಂಡಕ್ಟ್ರಂತೆ.” “ಅಯ್ಯೋ, ನಮ್ ಬಸ್ಸಿನ ಕಂಡಕ್ಟ್ರಾ? ಅದ್ಕೇ ಬಸ್ಸು ಬಂದಿಲ್ಲ!” ಎಲ್ಲರಿಗೂ ಎಲ್ಲವೂ ಅರ್ಥವಾಗಿಹೋಯಿತು.

ಆ ಹೊತ್ತಿಗೆ ನಾವು ಬಂದೆವು. ಡ್ರೈವರಣ್ಣ ಜನ ನೋಡಿ ಬ್ರೇಕ್ ಒತ್ತಿದ. ಮನೆ ಮುಂದೆ ಗುಂಪು, ಅಳು, ನೆಲದ ಮೇಲೆ ಯಾರೋ ಬಿದ್ದಿದ್ದಾರೆ. ಹಾರಿ ಇಳಿದು ಓಡಿದೆ. ಎದುರಿಗೆ ಸಿಕ್ಕ ಅಪರಿಚಿತನ ತೋಳು ಹಿಡಿದು, “ಯಾರು? ಯಾರು ಹೋದದ್ದು?” ಅಂದೆ.

ಅವನು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದ. “ಈ ಮನೆ ಕಂಡಕ್ಟ್ರು ಓಗ್ಬುಟ್ರಂತೆ. ಒಬ್ರಿಗೂ ಒರಟಾಗಿ ಮಾತಾಡ್ತಿರ್ನಿಲ್ವಂತೆ. ಒಳ್ಳೆ ಮನುಷ್ಯ.”

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ದುಃಖ ಉಕ್ಕಿ ಬಂತು.

ಅಷ್ಟರಲ್ಲಿ ಹೆಂಡತಿ ತಲೆ ಎತ್ತಿದಳು. ನನ್ನನ್ನು ನೋಡಿದಳು. ಎದ್ದು ಬಂದು ನನ್ನ ಮುಖ, ಭುಜ, ಕೈ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಅದೇ ಕೈಯಲ್ಲಿ ಬೆನ್ನಿಗೆ ನಾಲ್ಕು ಬಿಟ್ಟಳು. “ಎಲ್ಲಿಗ್ರೀ ಓಗಿದ್ರಿ? ಎಲ್ಲಿಗ್ ಓಗಿದ್ರಿ?” ಅಂತ ಅಳುತ್ತಲೇ ಇದ್ದಳು. “ಡ್ಯೂಟಿಗೆ ಕಣಮ್ಮಿ,” ಅಂದೆ. ನನ್ನ ಕಣ್ಣೂ ಒದ್ದೆಯಾಗಿತ್ತು. ಅತ್ತೆ ಮಾತ್ರ ಎತ್ತಿದ ಸೊಲ್ಲನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಬಾಯಿ ತೆರೆದುಕೊಂಡು ನಿಂತಿದ್ದರು.

ನಾನು ಜನಕ್ಕೆ ಬೋರ್ಡಿನ ಸಂಗತಿ ವಿವರಿಸಿದೆ. ಕೋಳಿ, ಹಿಕ್ಕೆ, ತಗಡು, ಸೊಂಟ, ಎಲ್ಲ. ಯಾರಿಗೆ ಎಷ್ಟು ತಿಳಿಯಿತೋ, ನಕ್ಕು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಆ ಮುದುಕ ಮಾತ್ರ ನನ್ನ ಹತ್ತಿರ ಬಂದು ತಲೆಯ ಮೇಲೆ ಕೈ ಇಟ್ಟ. ಅವನ ಕಣ್ಣಲ್ಲಿ ಇನ್ನೂ ನೀರಿತ್ತು.

“ನೂರ್ಕಾಲ ಬಾಳಪ್ಪ,” ಅಂದ.

“ಬನ್ನಿ ಯಜಮಾನ್ರೇ, ಬಸ್ಸು ಹತ್ತಿ, ಹೊತ್ತಾಯ್ತು,” ಅಂದೆ.

“ನೀವ್ ನಡೀರಿ,” ಅಂದು ಮುದುಕ ಹೋಗಿ ತನ್ನ ಹೆಂಡತಿಯ ಪಕ್ಕ ಜಗುಲಿಯ ಮೇಲೆ ಸಮಾಧಾನವಾಗಿ ಕೂತ. “ಸತ್ತೋಗಿದ್ದ ನೀನೇ ಎದ್ದು ಬಂದಿದ್ದೀಯ. ಇನ್ನು ಆ ಧರ್ಮಸ್ಥಳದ ಬಸ್ಸು ಬರಕಿಲ್ವಾ? ಬತ್ತದೆ ಬುಡು.”